‘ಹಾಗಾಗಿದ್ದರೆ’ ಎಂಬ ನಾಟಕ

ಕನ್ನಡದಲ್ಲಿ ‘ರೆ’ ಎಂಬ ಒಂದು ಪುಟ್ಟ ಪ್ರತ್ಯಯವಿದೆ. ಬಂದರೆ, ಹೋದರೆ, ಓದಿದರೆ ಎನ್ನುವಾಗ ಅದು ಮುಂದೆ ಆಗುವುದರ ಮಾತು; ಅದರಲ್ಲಿ ಆಸೆಯಿರುತ್ತದೆ. ಅದೇ ಪ್ರತ್ಯಯ ಬಂದಿದ್ದರೆ, ಹೋಗಿದ್ದರೆ, ಓದಿದ್ದರೆ ಎಂದು ಬಂದಾಗ ಮಾತಿನ ಮುಖ ಹಿಂದಕ್ಕೆ ತಿರುಗುತ್ತದೆ. ಪರೀಕ್ಷೆಯ ಫಲಿತಾಂಶ ಬಂದ ವಾರ ಶಿವಮೊಗ್ಗದ ಗೋಪಾಳದಲ್ಲಿ ಯಾವ ಬೀದಿಯಲ್ಲಿ ನಡೆದರೂ ಈ ಎರಡನೆಯ ‘ರೆ’ ಕಿವಿಗೆ ಬೀಳುತ್ತದೆ. ‘ಇನ್ನೆರಡು ಮಾರ್ಕ್ಸ್ ಬಂದಿದ್ದಿದ್ರೆ ಸೀಟು ಸಿಕ್ಕಿರೋದು’ ಎಂದು ಮಗಳು ಹೇಳುತ್ತಾಳೆ. ‘ಒಂಬತ್ತನೇ ಕ್ಲಾಸಿನಲ್ಲೇ ಟ್ಯೂಷನ್‌ಗೆ ಹಾಕಿದ್ದಿದ್ರೆ’ ಎಂದು ತಾಯಿ. ಜಗಲಿಯಲ್ಲಿ ಕುಳಿತ ಅಜ್ಜ, ‘ಆವತ್ತು ಭದ್ರಾವತಿ ಫ್ಯಾಕ್ಟರಿ ಕೆಲಸ ಬಿಡದೆ ಇದ್ದಿದ್ರೆ’ ಎಂದು ಯಾರಿಗೂ ಕೇಳಿಸದ ಹಾಗೆ ತನ್ನ ಪಾಲಿನದನ್ನೂ ಸೇರಿಸುತ್ತಾರೆ.

ಕೆಲವೊಮ್ಮೆ ಈ ‘ರೆ’ ದುಃಖದ್ದಲ್ಲ, ಬರಿಯ ಬೆರಗಿನದು. ಗೋಪಾಳದ ಹುಡುಗಿಯೊಬ್ಬಳಿಗೆ ಸಿಟಿ ಬಸ್ಸು ಒಂದೇ ನಿಮಿಷದಲ್ಲಿ ತಪ್ಪಿತೆಂದು ಇಟ್ಟುಕೊಳ್ಳೋಣ. ಆ ಒಂದು ನಿಮಿಷದಿಂದಾಗಿ ಭದ್ರಾವತಿಗೆ ಹೋಗುವ ಬಸ್ಸೂ ತಪ್ಪುತ್ತದೆ. ಮುಂದಿನ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಬಂದು ಕುಳಿತವಳು ಅವಳ ಜೀವಮಾನದ ಗೆಳತಿಯಾಗುತ್ತಾಳೆ. ಮೊದಲಿನ ಬಸ್ಸೇ ಸಿಕ್ಕಿದ್ದರೆ? ಆ ಗೆಳೆತನವೇ ಇಲ್ಲದ ಇನ್ನೊಂದು ಬದುಕು ಎಲ್ಲಿಯಾದರೂ ನಡೆಯುತ್ತಿರಬಹುದೆ?

ಇದೇ ಪ್ರಶ್ನೆಯನ್ನು ರಂಗದ ಮೇಲಿಟ್ಟು, ಭೌತವಿಜ್ಞಾನದ ಒಂದು ಸಿದ್ಧಾಂತವನ್ನು ಆಸರೆಯಾಗಿ ಹಿಡಿದು ಬರೆದ ನಾಟಕವೊಂದಿದೆ. ಅದರ ಹೆಸರು ‘ಕಾನ್‌ಸ್ಟಲೇಷನ್ಸ್’, ಅಂದರೆ ನಕ್ಷತ್ರಪುಂಜಗಳು. ಬ್ರಿಟನ್ನಿನ ನಿಕ್ ಪೇಯ್ನ್ ಬರೆದ ಈ ನಾಟಕ 2012ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಕೋರ್ಟ್ ರಂಗಮಂದಿರದಲ್ಲಿ ಮೊದಲು ಪ್ರದರ್ಶನಗೊಂಡಿತು. 2015ರಲ್ಲಿ ನ್ಯೂಯಾರ್ಕಿಗೂ ಹೋಯಿತು.

ಇಬ್ಬರೇ ನಟರು, ನೂರು ಬದುಕು

ನಾಟಕದಲ್ಲಿರುವುದು ಎರಡೇ ಪಾತ್ರ. ಮೇರಿಯಾನ್ ವಿಶ್ವದ ಹುಟ್ಟು, ರಚನೆಗಳನ್ನು ಕುರಿತು ಸಂಶೋಧನೆ ಮಾಡುವವಳು. ರೋಲಂಡ್ ಜೇನು ಸಾಕುವವನು. ಸ್ನೇಹಿತರ ಮನೆಯ ಊಟದ ಕೂಟವೊಂದರಲ್ಲಿ ಇಬ್ಬರೂ ಎದುರಾಗುತ್ತಾರೆ. ಅವಳು ಏನೋ ತಮಾಷೆಯ ಮಾತಾಡುತ್ತಾಳೆ. ಅವನು, ತನಗೆ ಮದುವೆಯಾಗಿದೆ ಎನ್ನುತ್ತಾನೆ. ಮಾತು ಅಲ್ಲಿಗೆ ಮುಗಿಯುತ್ತದೆ. ದೀಪ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಅದೇ ಕೂಟ, ಅದೇ ಇಬ್ಬರು, ಅದೇ ಮಾತು. ಈ ಸಲ ಅವನಿಗೆ ಬೇರೊಬ್ಬಳ ಜೊತೆ ಸ್ನೇಹವಿದೆ. ಮತ್ತೆ ದೀಪ ಆರುತ್ತದೆ. ಇನ್ನೊಂದು ಸಲ ಅವನು ನಗುತ್ತಾನೆ, ಮಾತು ಮುಂದುವರಿಯುತ್ತದೆ.

ನಾಟಕ ಕೊನೆಯವರೆಗೂ ಹೀಗೆಯೇ ಸಾಗುತ್ತದೆ. ಒಂದೊಂದು ಘಟ್ಟವೂ ಮೂರು, ನಾಲ್ಕು, ಐದು ಸಲ ನಡೆಯುತ್ತದೆ. ಒಂದರಲ್ಲಿ ಇವಳು ಮುನಿಯುತ್ತಾಳೆ, ಇನ್ನೊಂದರಲ್ಲಿ ತಪ್ಪು ಮಾಡಿದವನು ಅವನು. ಒಂದರಲ್ಲಿ ಅವನು ಜೇನುಹುಳುಗಳ ಬದುಕನ್ನು ಕುರಿತು ಬರೆದು ತಂದದ್ದನ್ನು ಓದಿ ಮದುವೆಯ ಪ್ರಸ್ತಾಪ ಮಾಡುತ್ತಾನೆ. ಇನ್ನೊಂದರಲ್ಲಿ ಆ ಪ್ರಸ್ತಾಪ ಎಡವುತ್ತದೆ. ಪದಗಳು ಹೆಚ್ಚುಕಡಿಮೆ ಅವೇ. ದನಿ ಬದಲಾದರೆ ಅರ್ಥ ಬದಲಾಗುತ್ತದೆ, ಅರ್ಥ ಬದಲಾದರೆ ಬದುಕೇ ಬದಲಾಗುತ್ತದೆ. ನಡುನಡುವೆ ನಾಟಕ ಮುಂದಿನ ಒಂದು ಕಾಲಕ್ಕೆ ಜಿಗಿಯುತ್ತದೆ. ಅಲ್ಲಿ ಮೇರಿಯಾನ್‌ಗೆ ಮಿದುಳಿನಲ್ಲಿ ಗೆಡ್ಡೆ ಬೆಳೆದಿದೆ. ಹೇಳಬೇಕಾದ ಪದ ನಾಲಿಗೆಗೆ ಬರುತ್ತಿಲ್ಲ. ಒಂದು ಕವಲಿನಲ್ಲಿ ಅದು ಅಪಾಯವಿಲ್ಲದ ಗೆಡ್ಡೆ, ಹಲವು ಕವಲುಗಳಲ್ಲಿ ಹಾಗಲ್ಲ.

2021ರಲ್ಲಿ ಲಂಡನ್ನಿನಲ್ಲಿ ಈ ನಾಟಕವನ್ನು ಮತ್ತೆ ಆಡಿದಾಗ ನಾಲ್ಕು ಬೇರೆ ಬೇರೆ ಜೋಡಿ ನಟರು ಸರದಿಯಂತೆ ಇದೇ ಪಾತ್ರಗಳನ್ನು ಮಾಡಿದರು. ಅವರಲ್ಲಿ ವಯಸ್ಸಾದವರ ಜೋಡಿಯೂ ಇತ್ತು, ಇಬ್ಬರು ಗಂಡಸರ ಜೋಡಿಯೂ ಇತ್ತು. ಬರೆದ ನಾಟಕ ಒಂದೇ ಆದರೂ ಪ್ರೇಕ್ಷಕರು ಕಂಡದ್ದು ನಾಲ್ಕು ನಾಟಕ.

ಮಲೆನಾಡಿನವರಿಗೆ ಇದು ತೀರಾ ಹೊಸದೆನಿಸಲಾರದು. ಯಕ್ಷಗಾನದ ಮೇಳವೊಂದು ಸಾಗರದಲ್ಲಿ ಒಂದು ರಾತ್ರಿ, ತೀರ್ಥಹಳ್ಳಿಯಲ್ಲಿ ಇನ್ನೊಂದು ರಾತ್ರಿ ಅದೇ ಕರ್ಣಪರ್ವ ಆಡಿದರೆ ಹಾಡು ಅದೇ ಇರುತ್ತದೆ, ಅರ್ಥದ ಮಾತು ಅದೇ ಇರುವುದಿಲ್ಲ. ಮೊದಲ ರಾತ್ರಿ ಶಲ್ಯನೊಡನೆ ಜಗಳವಾಡಿದ ಕರ್ಣ ಎರಡನೆಯ ರಾತ್ರಿ ತಣ್ಣಗೆ ನಗಬಹುದು. ಆದರೆ ಎರಡು ರಾತ್ರಿಯೂ ರಥದ ಗಾಲಿ ಹೂಳುತ್ತದೆ, ಎರಡು ರಾತ್ರಿಯೂ ಕರ್ಣ ಸಾಯುತ್ತಾನೆ. ಯಾವುದು ಬದಲಾಗಬಲ್ಲದು, ಯಾವುದು ಬದಲಾಗದು ಎಂಬ ವಿವೇಕವನ್ನು ನಮ್ಮ ಅಜ್ಜಂದಿರು ಬಯಲಿನಲ್ಲಿ ಚಾಪೆ ಹಾಸಿ ಕುಳಿತು ಕಲಿತದ್ದು ಹೀಗೆ.

ಕಾರ್ನಾಡರ ಎರಡು ಮುಕ್ತಾಯಗಳು

ಕನ್ನಡ ರಂಗಭೂಮಿಯಲ್ಲಿ ‘ಹಾಗಾಗಿದ್ದರೆ’ ಎಂಬ ಪ್ರಶ್ನೆಗೆ ತೀರ ಹತ್ತಿರ ಬಂದ ಪ್ರೇಮನಾಟಕವೆಂದರೆ ಗಿರೀಶ ಕಾರ್ನಾಡರ (1938–2019) ‘ನಾಗಮಂಡಲ’. ಕಾರ್ನಾಡರು ಧಾರವಾಡದಲ್ಲಿ ಪದವಿಗೆ ಓದಿದ್ದು ಗಣಿತ ಮತ್ತು ಸಂಖ್ಯಾಶಾಸ್ತ್ರ ಎಂಬುದು ಹಲವು ವಿದ್ಯಾರ್ಥಿಗಳಿಗೆ ಗೊತ್ತಿರಲಾರದು. ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಎರಡು ಜನಪದ ಕಥೆಗಳನ್ನು ಹೆಣೆದು, ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿದ್ದ ಕಾಲದಲ್ಲಿ, 1987–88ರಲ್ಲಿ ಅವರು ಈ ನಾಟಕ ಬರೆದರು. 1993ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನ ಗಥ್ರಿ ರಂಗಮಂದಿರ ಇದನ್ನು ಇಂಗ್ಲಿಷಿನಲ್ಲಿ ಆಡಿತು. 1997ರಲ್ಲಿ ಟಿ. ಎಸ್. ನಾಗಾಭರಣ ಇದನ್ನು ಚಲನಚಿತ್ರವಾಗಿಸಿದರು.

ಕಥೆ ಬಲ್ಲವರು ಬಹಳ ಮಂದಿ. ಅಪ್ಪಣ್ಣ ತನ್ನ ಹೆಂಡತಿ ರಾಣಿಯನ್ನು ಮನೆಯೊಳಗೆ ಕೂಡಿ ಬೀಗ ಹಾಕಿಕೊಂಡು ಹೋಗುವವನು. ಮಧ್ಯಾಹ್ನದ ಊಟಕ್ಕೆ ಮಾತ್ರ ಮನೆಗೆ ಬರುತ್ತಾನೆ. ಗಂಡ ಒಲಿಯಲೆಂದು ಕುರುಡವ್ವ ಕೊಟ್ಟ ಬೇರನ್ನು ರಾಣಿ ಸಾರಿಗೆ ಹಾಕುತ್ತಾಳೆ. ಸಾರು ರಕ್ತದಂತೆ ಕೆಂಪಾದಾಗ ಹೆದರಿ ಹುತ್ತಕ್ಕೆ ಸುರಿಯುತ್ತಾಳೆ. ಹುತ್ತದೊಳಗಿನ ನಾಗ ಒಲಿದು, ಅಪ್ಪಣ್ಣನ ರೂಪ ತಾಳಿ ರಾತ್ರಿ ಬರತೊಡಗುತ್ತದೆ. ಅಂದಿನಿಂದ ರಾಣಿಯ ಪಾಲಿಗೆ ಒಂದೇ ಮನೆಯಲ್ಲಿ ಎರಡು ಲೋಕ. ಹಗಲಿನ ಅಪ್ಪಣ್ಣ ಗದರಿಸುವವನು. ರಾತ್ರಿಯ ಅಪ್ಪಣ್ಣ ಅವಳ ತವರಿನ ಸುದ್ದಿ ಕೇಳುವವನು, ತಲೆ ನೇವರಿಸುವವನು. ಮುಖ ಒಂದೇ. ‘ಈ ಮನುಷ್ಯ ಪ್ರೀತಿಸಿದ್ದರೆ ಹೇಗಿರುತ್ತಿದ್ದ?’ ಎಂಬ ಪ್ರಶ್ನೆಗೆ ನಾಗನೇ ಉತ್ತರವಾಗಿ ನಿಂತಿದ್ದಾನೆ.

ಈ ಬರಹಕ್ಕೆ ಇನ್ನೂ ಮುಖ್ಯವಾದದ್ದು ನಾಟಕದ ಕೊನೆ. ಪಂಚಾಯಿತಿಯ ಮುಂದೆ ರಾಣಿ ಹಾವನ್ನು ಕೈಯಲ್ಲಿ ಹಿಡಿದು ಪ್ರಮಾಣ ಮಾಡಿ ಗೆದ್ದಮೇಲೆ ಕಥೆ ಮುಗಿಯಬೇಕು. ಆದರೆ ಕಥೆ ಕೇಳುತ್ತಿದ್ದವರು ಬಿಡುವುದಿಲ್ಲ: ನಾಗನ ಗತಿಯೇನು? ಆಗ ಒಂದು ಮುಕ್ತಾಯ ಬರುತ್ತದೆ. ನಾಗ ರಾಣಿಯ ಕೂದಲಿನಲ್ಲಿ ಸುತ್ತಿಕೊಂಡು ಸಾಯುತ್ತದೆ. ಕೇಳುಗರಿಗೆ ಅದೂ ಒಪ್ಪಿಗೆಯಾಗುವುದಿಲ್ಲ. ಆಗ ಇನ್ನೊಂದು ಮುಕ್ತಾಯ. ನಾಗ ಬದುಕಿದೆ, ರಾಣಿಯ ಜಡೆಯಲ್ಲೇ ಅದಕ್ಕೆ ಮನೆ. ಒಂದು ಘಟ್ಟದವರೆಗೆ ಒಂದೇ ಆಗಿ ಹರಿದ ಕಥೆ ಅಲ್ಲಿಂದ ಕವಲಾಗುತ್ತದೆ. ಎರಡರಲ್ಲಿ ಯಾವುದು ನಿಜ ಎಂದು ನಾಟಕಕಾರರು ತೀರ್ಪು ಕೊಡುವುದಿಲ್ಲ.

ಇದಕ್ಕಿಂತ ಬಹಳ ಹಳೆಯದಾದ ‘ಯೋಗವಾಸಿಷ್ಠ’ದಲ್ಲಿ ಲೀಲೆ ಎಂಬ ರಾಣಿಯ ಕಥೆಯಿದೆ. ಗಂಡ ಪದ್ಮರಾಜ ತೀರಿಕೊಂಡಾಗ ಸರಸ್ವತಿ ಅವಳನ್ನು ಕರೆದೊಯ್ದು ಆ ಅಂತಃಪುರದ ಅಷ್ಟೇ ಜಾಗದೊಳಗೆ ಇನ್ನೊಂದು ಲೋಕವನ್ನು ತೋರಿಸುತ್ತಾಳೆ. ಅಲ್ಲಿ ಅವಳ ಗಂಡ ವಿದೂರಥನೆಂಬ ಬೇರೊಬ್ಬ ರಾಜನಾಗಿ ಆಳುತ್ತಿದ್ದಾನೆ. ಅವನ ಪಕ್ಕದಲ್ಲಿ ಇನ್ನೊಬ್ಬಳು ಲೀಲೆಯೂ ಇದ್ದಾಳೆ. ಇದನ್ನು ಓದಿದವರಲ್ಲಿ ಕೆಲವರು ‘ಕ್ವಾಂಟಂ ಸಿದ್ಧಾಂತ ನಮ್ಮಲ್ಲಿ ಮೊದಲೇ ಇತ್ತು’ ಎಂದು ಹೇಳಿಬಿಡುತ್ತಾರೆ. ವಿದ್ಯಾರ್ಥಿಗಳು ಆ ಅವಸರಕ್ಕೆ ಬೀಳಬಾರದು. ಅದು ತತ್ತ್ವವನ್ನು ಮನದಟ್ಟು ಮಾಡಿಸಲು ಕಟ್ಟಿದ ಕಥೆ. ಅಳತೆ, ಸಮೀಕರಣ, ಪ್ರಯೋಗಗಳಿಂದ ಬಂದದ್ದಲ್ಲ. ಅಗಲಿದವರು ಇನ್ನೊಂದೆಡೆ ಇದ್ದಾರೆಂದು ನಂಬಲು ಮನುಷ್ಯನ ಮನಸ್ಸು ಎಷ್ಟು ಹಿಂದಿನಿಂದ ಹಂಬಲಿಸಿದೆ ಎಂಬುದಕ್ಕೆ ಅದು ಸಾಕ್ಷಿ. ಭೌತವಿಜ್ಞಾನ ಬೇರೆಯೇ ದಾರಿಯಿಂದ ಈ ಬಾಗಿಲಿಗೆ ಬಂದು ನಿಂತಿತು. ಆ ದಾರಿಯನ್ನು ಈಗ ನೋಡೋಣ.

ಒಂದು ಎಲೆಕ್ಟ್ರಾನು, ಎರಡು ದಾರಿ

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಥಾಮಸ್ ಯಂಗ್ ಬೆಳಕು ಅಲೆಯಂತೆ ವರ್ತಿಸುತ್ತದೆಂದು ತೋರಿಸಿದರು. ಬೆಳಕನ್ನು ಎರಡು ಸಣ್ಣ ಸೀಳುಗಳ ಮೂಲಕ ಹಾಯಿಸಿದರೆ ಆಚೆಯ ಪರದೆಯ ಮೇಲೆ ಬೆಳಕು, ಕತ್ತಲೆ, ಬೆಳಕು, ಕತ್ತಲೆ ಎಂದು ಪಟ್ಟೆಗಳು ಮೂಡುತ್ತವೆ. ಎರಡು ಅಲೆಗಳ ಉಬ್ಬುಗಳು ಕೂಡಿದಲ್ಲಿ ಬೆಳಕು. ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಸೇರಿದಲ್ಲಿ ಕತ್ತಲೆ. ಪಠ್ಯಪುಸ್ತಕದಲ್ಲಿ ಇದಕ್ಕೆ ವ್ಯತಿಕರಣ ಎಂದು ಹೆಸರು.

ಬೆರಗಿನ ಸಂಗತಿಯೆಂದರೆ ಎಲೆಕ್ಟ್ರಾನಿನಂತಹ ಕಣಗಳೂ ಹೀಗೆಯೇ ಮಾಡುತ್ತವೆ. 1989ರಲ್ಲಿ ಜಪಾನಿನ ಹಿಟಾಚಿ ಸಂಸ್ಥೆಯಲ್ಲಿ ಅಕಿರಾ ತೊನೊಮುರಾ ಮತ್ತು ಸಂಗಡಿಗರು ಎಲೆಕ್ಟ್ರಾನುಗಳನ್ನು ಒಂದಾದಮೇಲೊಂದರಂತೆ ಎರಡು ದಾರಿಗಳಿರುವ ಉಪಕರಣದ ಮೂಲಕ ಕಳಿಸಿದರು. ಪ್ರತಿಯೊಂದು ಎಲೆಕ್ಟ್ರಾನೂ ಪರದೆಯ ಮೇಲೆ ಒಂದೇ ಚುಕ್ಕೆ ಇಟ್ಟಿತು. ಆದರೆ ಸಾವಿರ ಸಾವಿರ ಚುಕ್ಕೆಗಳು ಸೇರಿದಾಗ ಅದೇ ಪಟ್ಟೆಗಳು ಮೂಡಿದವು. ಒಂಟಿಯಾಗಿ ಹೊರಟ ಎಲೆಕ್ಟ್ರಾನು ಯಾವುದರೊಡನೆ ವ್ಯತಿಕರಿಸಿತು? ಎರಡೂ ದಾರಿಗಳಲ್ಲಿ ಹೋದದ್ದರ ಲೆಕ್ಕವನ್ನು ಅದು ತನ್ನೊಳಗೇ ಇಟ್ಟುಕೊಂಡಿತ್ತು ಎನ್ನದೆ ಬೇರೆ ದಾರಿಯಿಲ್ಲ. ಹಾಗೆಂದು ಯಾವ ದಾರಿಯಲ್ಲಿ ಹೋಯಿತೆಂದು ಪತ್ತೆ ಮಾಡಲು ಹೊರಟರೆ ಪಟ್ಟೆಗಳೇ ಮಾಯವಾಗುತ್ತವೆ!

1926ರಲ್ಲಿ ಎರ್ವಿನ್ ಶ್ರೋಡಿಂಗರ್ ಬರೆದ ಸಮೀಕರಣ ಈ ಎರಡು ದಾರಿಗಳ ಲೆಕ್ಕವನ್ನು ಚೆನ್ನಾಗಿ ಇಡುತ್ತದೆ. ಆದರೆ ಪರದೆಯ ಮೇಲೆ ಒಂದೇ ಚುಕ್ಕೆ ಏಕೆ ಕಾಣುತ್ತದೆಂದು ಅದು ಹೇಳುವುದಿಲ್ಲ. ‘ನೋಡಿದ ಕ್ಷಣದಲ್ಲಿ ಉಳಿದ ಸಾಧ್ಯತೆಗಳು ಅಳಿದು ಒಂದೇ ಉಳಿಯುತ್ತದೆ’ ಎಂದು ಹೆಚ್ಚಿನ ವಿಜ್ಞಾನಿಗಳು ಒಂದು ನಿಯಮವನ್ನು ಮೇಲಿನಿಂದ ಸೇರಿಸಿಕೊಂಡರು. ಅದರ ಇಕ್ಕಟ್ಟನ್ನು ತೋರಿಸಲೆಂದೇ ಶ್ರೋಡಿಂಗರ್ 1935ರಲ್ಲಿ ತಮ್ಮ ಪ್ರಸಿದ್ಧ ಬೆಕ್ಕಿನ ಕಥೆ ಕಟ್ಟಿದರು: ಒಂದು ಪರಮಾಣು ಒಡೆದರೆ ಪೆಟ್ಟಿಗೆಯೊಳಗಿನ ಬೆಕ್ಕು ಸಾಯುತ್ತದೆ, ಒಡೆಯದಿದ್ದರೆ ಬದುಕುತ್ತದೆ. ಪರಮಾಣು ಎರಡೂ ಸ್ಥಿತಿಗಳಲ್ಲಿದ್ದರೆ ಬೆಕ್ಕಿನ ಪಾಡೇನು?

1957ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದಲ್ಲಿ ಜಾನ್ ವೀಲರ್ ಅವರ ಶಿಷ್ಯ ಹ್ಯೂ ಎವರೆಟ್ ಎಂಬ ತರುಣ, ಮೇಲಿನಿಂದ ಸೇರಿಸಿದ ಆ ನಿಯಮವೇ ಬೇಡ ಎಂದ. ಸಮೀಕರಣ ಹೇಳಿದ್ದನ್ನು ಹೇಳಿದ ಹಾಗೆಯೇ ನಂಬೋಣ; ಆಗ ಯಾವ ಸಾಧ್ಯತೆಯೂ ಅಳಿಯುವುದಿಲ್ಲ. ಪೆಟ್ಟಿಗೆ ತೆರೆದವನೂ ಪರಮಾಣುಗಳಿಂದಾದವನೇ ಆದ್ದರಿಂದ ಅವನೂ ಕವಲಾಗುತ್ತಾನೆ. ಒಂದು ಕವಲಿನಲ್ಲಿ ಅವನು ಬದುಕಿದ ಬೆಕ್ಕನ್ನು ಕಾಣುತ್ತಾನೆ, ಇನ್ನೊಂದರಲ್ಲಿ ಸತ್ತ ಬೆಕ್ಕನ್ನು. ಎರಡು ಕವಲುಗಳೂ ಅಷ್ಟೇ ನಿಜ. 1970ರಲ್ಲಿ ಬ್ರೈಸ್ ಡಿವಿಟ್ ಬರೆದ ಲೇಖನದ ನಂತರ ಇದು ‘ಅನೇಕ ಲೋಕಗಳ’ ವಾದವೆಂದು ಹೆಸರಾಯಿತು. ಮೇರಿಯಾನ್ ಮತ್ತು ರೋಲಂಡರ ನೂರು ಬದುಕುಗಳ ಬೇರು ಇಲ್ಲಿದೆ.

ಗಂಗಾಮೂಲದ ಪಾಠ

ಕವಲುಗಳು ಅಷ್ಟೂ ನಿಜವಾದರೆ ಬೇರೆ ಲೋಕದ ಬೆಕ್ಕು ನಮಗೇಕೆ ಕಾಣುವುದಿಲ್ಲ? ಇದಕ್ಕೆ ಉತ್ತರ ಶಿವಮೊಗ್ಗ ಜಿಲ್ಲೆಯವರಿಗೆ ತಮ್ಮ ನದಿಗಳಲ್ಲೇ ಸಿಗುತ್ತದೆ.

ಚಿಕ್ಕಮಗಳೂರು ಜಿಲ್ಲೆಯ ವರಾಹ ಪರ್ವತದ ಗಂಗಾಮೂಲ ತುಂಗೆ ಮತ್ತು ಭದ್ರೆಯರ ಹುಟ್ಟೂರು. ತುಂಗೆ ಶೃಂಗೇರಿ, ತೀರ್ಥಹಳ್ಳಿಗಳನ್ನು ಹಾದು ಶಿವಮೊಗ್ಗಕ್ಕೆ ಬರುತ್ತಾಳೆ. ಭದ್ರೆ ಬಾಳೆಹೊನ್ನೂರು, ಲಕ್ಕವಳ್ಳಿಯ ದಾರಿ ಹಿಡಿದು ಭದ್ರಾವತಿಗೆ ಬರುತ್ತಾಳೆ. ನೂರಕ್ಕೂ ಹೆಚ್ಚು ಕಿಲೋಮೀಟರು ಬೇರೆ ಬೇರೆಯಾಗಿ ಹರಿದ ಇಬ್ಬರೂ ಶಿವಮೊಗ್ಗಕ್ಕೆ ಹತ್ತಿರದ ಕೂಡಲಿಯಲ್ಲಿ ಒಂದಾಗುತ್ತಾರೆ. ಎಲೆಕ್ಟ್ರಾನಿನ ಎರಡು ದಾರಿಗಳು ಹೀಗೆ. ಅವು ಕವಲೊಡೆದರೂ ಮತ್ತೆ ಕೂಡುತ್ತವೆ. ಕೂಡುವುದರಿಂದಲೇ ಪಟ್ಟೆಗಳು ಮೂಡುತ್ತವೆ, ಕವಲುಗಳು ಎರಡಿದ್ದವೆಂದು ನಮಗೆ ತಿಳಿಯುತ್ತದೆ.

ಆದರೆ ಅದೇ ಬೆಟ್ಟಸಾಲಿನಲ್ಲಿ ನೇತ್ರಾವತಿಯೂ ಹುಟ್ಟುತ್ತಾಳೆ. ಅವಳು ಘಟ್ಟವಿಳಿದು ಧರ್ಮಸ್ಥಳ, ಬಂಟ್ವಾಳಗಳನ್ನು ಹಾದು ಮಂಗಳೂರಿನಲ್ಲಿ ಅರಬ್ಬೀ ಸಮುದ್ರ ಸೇರುತ್ತಾಳೆ. ತುಂಗಭದ್ರೆಯ ನೀರು ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ನೆತ್ತಿಯ ಮೇಲೆ ಬಿದ್ದ ಎರಡು ಮಳೆಹನಿಗಳ ನಡುವೆ ಒಂದು ಗೇಣು ಅಂತರವಿದ್ದಿರಬಹುದು. ಒಂದು ಪಶ್ಚಿಮಕ್ಕೆ ಜಾರಿತು, ಇನ್ನೊಂದು ಪೂರ್ವಕ್ಕೆ. ಮತ್ತೆ ಅವು ಯಾವ ಕೂಡಲಿಯಲ್ಲೂ ಸೇರಲಾರವು. ಬೆಕ್ಕು, ಮನುಷ್ಯ, ಬಸ್ಸುಗಳಂತಹ ದೊಡ್ಡ ವಸ್ತುಗಳ ಕವಲುಗಳು ಈ ಬಗೆಯವು. ಕೋಟ್ಯಂತರ ಗಾಳಿಯ ಅಣುಗಳು, ಬೆಳಕಿನ ಕಣಗಳು ಕ್ಷಣಕ್ಷಣವೂ ಅವನ್ನು ತಾಕುತ್ತಲೇ ಇರುತ್ತವೆ. ಆ ತಾಕಾಟದಲ್ಲಿ ಎರಡು ಕವಲುಗಳ ನಡುವಿನ ಮೇಳ ತಪ್ಪುತ್ತದೆ. ಮೇಳ ತಪ್ಪಿದ ಅಲೆಗಳು ಪಟ್ಟೆ ಮೂಡಿಸಲಾರವು. ಜರ್ಮನಿಯ ಡೀಟರ್ ಝೇ 1970ರಲ್ಲಿ ಈ ಅಂಶವನ್ನು ವಿವರಿಸಿದರು.

ಎಷ್ಟು ದೊಡ್ಡ ವಸ್ತುವಿನವರೆಗೆ ಮೇಳ ಉಳಿಸಬಹುದೆಂದು ಪ್ರಯೋಗಶಾಲೆಗಳಲ್ಲಿ ಪೈಪೋಟಿಯೇ ನಡೆದಿದೆ. 1999ರಲ್ಲಿ ವಿಯೆನ್ನಾದ ವಿಜ್ಞಾನಿಗಳು 60 ಇಂಗಾಲದ ಪರಮಾಣುಗಳಿರುವ, ಕಾಲ್ಚೆಂಡಿನ ಆಕಾರದ ಅಣುಗಳಿಂದ ಪಟ್ಟೆ ಮೂಡಿಸಿದರು. 2019ರಲ್ಲಿ ಅಲ್ಲಿಯೇ ಸುಮಾರು 2000 ಪರಮಾಣುಗಳ ದೊಡ್ಡ ಅಣುಗಳವರೆಗೆ ಮುಟ್ಟಿದರು. ಬೆಕ್ಕು ಇನ್ನೂ ಬಹಳ ದೂರವಿದೆ.

ವಿಜ್ಞಾನ ಹೇಳದ ಮಾತುಗಳು

ಪೇಯ್ನ್ ನಾಟಕದ ನಾಯಕಿ, ನಾವು ಮಾಡಿದ ಮತ್ತು ಮಾಡದ ನಿರ್ಧಾರಗಳೆಲ್ಲವೂ ಎಲ್ಲೋ ಒಂದು ವಿಶ್ವದಲ್ಲಿ ನಡೆದಿವೆ ಎಂಬರ್ಥದ ಮಾತನ್ನಾಡುತ್ತಾಳೆ. ರಂಗದ ಮೇಲೆ ಇದು ಸುಂದರ. ಪ್ರೇಕ್ಷಕ ಇದನ್ನು ಮನೆಗೆ ಒಯ್ಯುವ ಮೊದಲು ಕೆಲವು ಎಚ್ಚರಿಕೆಗಳನ್ನು ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು.

ಮೊದಲನೆಯದಾಗಿ, ಎವರೆಟ್ ವಾದ ಸಾಬೀತಾದ ಸತ್ಯವಲ್ಲ. ಕ್ವಾಂಟಂ ಸಿದ್ಧಾಂತದ ಲೆಕ್ಕಗಳು ಸರಿಯೆಂಬುದರಲ್ಲಿ ಸಂಶಯವಿಲ್ಲ. ನಮ್ಮ ಕೈಯಲ್ಲಿರುವ ಮೊಬೈಲ್ ಫೋನು ಅದಕ್ಕೆ ಸಾಕ್ಷಿ. ಆದರೆ ಆ ಲೆಕ್ಕಗಳ ಅರ್ಥವೇನೆಂಬ ಬಗ್ಗೆ ಹಲವು ವಾದಗಳಿವೆ. ನೀಲ್ಸ್ ಬೋರ್ ಅವರದು ಒಂದು, ಎವರೆಟ್ ಅವರದು ಒಂದು. ಇವೆರಡರಲ್ಲಿ ಯಾವುದು ಸರಿಯೆಂದು ಹೇಳುವ ಪ್ರಯೋಗವನ್ನು ಈವರೆಗೆ ಯಾರೂ ಮಾಡಿಲ್ಲ.

ಎರಡನೆಯದಾಗಿ, ಆ ವಾದವನ್ನು ಒಪ್ಪಿದರೂ ಕವಲೊಡೆಸುವುದು ನಮ್ಮ ಮನಸ್ಸಲ್ಲ. ‘ಸೈನ್ಸ್ ತಗೊಳ್ಳಲೋ ಕಾಮರ್ಸ್ ತಗೊಳ್ಳಲೋ’ ಎಂದು ಯೋಚಿಸಿದೊಡನೆ ವಿಶ್ವ ಎರಡಾಗುವುದಿಲ್ಲ. ಪರಮಾಣು ಒಡೆಯುವುದು, ಕಣವೊಂದು ಈ ದಾರಿ ಅಥವಾ ಆ ದಾರಿ ಹಿಡಿಯುವುದು ಮುಂತಾದ ಕ್ವಾಂಟಂ ಘಟನೆಗಳಿಂದ ಕವಲು ಒಡೆಯುತ್ತದೆ. ಅದಕ್ಕೆ ನಮ್ಮ ಅಪ್ಪಣೆ ಬೇಕಿಲ್ಲ.

ಮೂರನೆಯದು ವಿದ್ಯಾರ್ಥಿಗಳು ನೆನಪಿಡಬೇಕಾದದ್ದು. ಕವಲುಗಳೆಲ್ಲ ಒಂದೇ ತೂಕದವಲ್ಲ. ಸಂಭವನೀಯತೆ ಹೆಚ್ಚಿರುವ ಕವಲಿಗೆ ತೂಕ ಹೆಚ್ಚು, ಕಡಿಮೆಯಿರುವುದಕ್ಕೆ ಕಡಿಮೆ. ಪುಸ್ತಕ ತೆರೆಯದೆ ಪರೀಕ್ಷೆಗೆ ಹೋದವನು ‘ಯಾವುದೋ ಒಂದು ಲೋಕದಲ್ಲಿ ಪಾಸಾಗಿದ್ದೇನೆ’ ಎಂದು ಸಮಾಧಾನ ಪಟ್ಟುಕೊಂಡರೆ ಆ ಲೋಕದ ತೂಕ ಸಾಸಿವೆಗಿಂತ ಹಗುರ. ವರ್ಷವಿಡೀ ಓದಿದವನಾದರೋ ಹೆಚ್ಚುಕಡಿಮೆ ತೂಕವಿರುವ ಎಲ್ಲ ಲೋಕಗಳಲ್ಲೂ ಪಾಸಾಗಿರುತ್ತಾನೆ. ಅನೇಕ ಲೋಕಗಳ ವಾದ ದುಡಿಮೆಗೆ ರಜೆ ಕೊಡುವುದಿಲ್ಲ.

ನಾಲ್ಕನೆಯದು ತಂದೆತಾಯಿಗಳಿಗೆ. ಮೇಳ ತಪ್ಪಿದ ಕವಲಿಗೆ ಹೋಗುವ ದಾರಿಯಿಲ್ಲ. ಅಲ್ಲಿಂದ ಒಂದು ಕಾಗದವೂ ಬರಲಾರದು. ಹಾಗಿದ್ದರೂ ಎಷ್ಟೋ ಮನೆಗಳಲ್ಲಿ ಊಟದ ಹೊತ್ತಿಗೆ ಆ ಲೋಕದ ಮಗನೊಬ್ಬ ಬಂದು ಕುಳಿತಿರುತ್ತಾನೆ. ಇನ್ನೆರಡು ಅಂಕ ತೆಗೆದವನು, ಹೇಳಿದ ಕೋರ್ಸನ್ನೇ ಸೇರಿದವನು, ಎದುರುತ್ತರ ಕೊಡದವನು. ಅವನನ್ನು ಹೊಗಳುತ್ತ ಎದುರಿಗೆ ಉಣ್ಣುತ್ತಿರುವ ಮಗನ ತಟ್ಟೆಯನ್ನು ನೋಡದೇ ಇರುವುದು ಸುಲಭ. ಮಕ್ಕಳೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಗೆಳೆಯನ ಅಪ್ಪನನ್ನು ತಮ್ಮ ಅಪ್ಪನ ಜಾಗದಲ್ಲಿ ಕೂರಿಸಿ ನೋಡುತ್ತಾರೆ. ‘ನಾಗಮಂಡಲ’ದ ರಾಣಿಗಾದರೂ ರಾತ್ರಿಯ ಅಪ್ಪಣ್ಣ ಕೈಗೆ ಸಿಗುತ್ತಿದ್ದ. ಈ ಕಲ್ಪನೆಯ ಮಗ, ಕಲ್ಪನೆಯ ಅಪ್ಪ ಯಾರ ಕೈಗೂ ಸಿಗುವವರಲ್ಲ.

ಎವರೆಟ್ ಮನೆಯಲ್ಲಿ

ಈ ಮಾತಿಗೆ ಎವರೆಟ್ ಅವರ ಸ್ವಂತ ಮನೆಯೇ ನಿದರ್ಶನವಾಯಿತು. ಅವರ ವಾದವನ್ನು ಅಂದಿನ ಭೌತವಿಜ್ಞಾನಿಗಳು ಗಂಭೀರವಾಗಿ ಪರಿಗಣಿಸಲಿಲ್ಲ. 1959ರಲ್ಲಿ ಅವರು ಕೋಪನ್‌ಹೇಗನ್ನಿಗೆ ಹೋಗಿ ಬೋರ್ ಅವರನ್ನು ಕಂಡರೂ ಪ್ರಯೋಜನವಾಗಲಿಲ್ಲ. ಅಷ್ಟರಲ್ಲಾಗಲೇ ವಿಶ್ವವಿದ್ಯಾನಿಲಯ ಬಿಟ್ಟು ಅಮೆರಿಕದ ರಕ್ಷಣಾ ಇಲಾಖೆಗೆ ಲೆಕ್ಕಾಚಾರ ಮಾಡಿಕೊಡುವ ಕೆಲಸ ಸೇರಿದ್ದರು. ಮನೆಯಲ್ಲಿ ಅವರು ಮಾತಿಲ್ಲದ ಮನುಷ್ಯ. 1982ರ ಜುಲೈಯಲ್ಲಿ, 51ನೆಯ ವಯಸ್ಸಿನಲ್ಲಿ, ನಿದ್ದೆಯಲ್ಲೇ ತೀರಿಕೊಂಡರು. ಬೆಳಿಗ್ಗೆ ಅವರನ್ನು ಮೊದಲು ಕಂಡವನು 19 ವರ್ಷದ ಮಗ ಮಾರ್ಕ್.

ಮಾರ್ಕ್ ಎವರೆಟ್ ಮುಂದೆ ‘ಈಲ್ಸ್’ ಎಂಬ ವಾದ್ಯತಂಡ ಕಟ್ಟಿ ಹೆಸರಾಂತ ಗಾಯಕರಾದರು. 2008ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಅವರು ಆ ಬೆಳಗನ್ನು ನೆನೆದಿದ್ದಾರೆ. ಅಪ್ಪನನ್ನು ಎಬ್ಬಿಸಲು ಆ ದೇಹವನ್ನು ಹಿಡಿದಾಗ, ಅದಕ್ಕೆ ಮೊದಲು ಅಪ್ಪನನ್ನು ಮುಟ್ಟಿದ ನೆನಪೇ ಅವರಿಗಿರಲಿಲ್ಲ. ಹದಿನೆಂಟು ವರ್ಷಕ್ಕೂ ಮಿಕ್ಕಿ ಒಂದೇ ಸೂರಿನಡಿ ಇದ್ದವರು ಅವರು. ಅಪ್ಪ ಜಗತ್ತಿನ ದೊಡ್ಡ ಪ್ರಶ್ನೆಯೊಂದಕ್ಕೆ ಉತ್ತರ ಬರೆದವರೆಂದು ಮಗನಿಗೆ ಸರಿಯಾಗಿ ತಿಳಿದದ್ದು ಅಪ್ಪ ಹೋದಮೇಲೆ.

2007ರಲ್ಲಿ ಬಿಬಿಸಿ ತಯಾರಿಸಿದ ಒಂದು ಸಾಕ್ಷ್ಯಚಿತ್ರದಲ್ಲಿ ಮಾರ್ಕ್ ಅಪ್ಪನ ಕಾಲದ ಗೆಳೆಯರನ್ನು, ಭೌತವಿಜ್ಞಾನಿಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಗಣಿತವೆಂದರೆ ದೂರ ನಿಲ್ಲುವ ಅವರು ಎಲೆಕ್ಟ್ರಾನಿನ ಎರಡು ದಾರಿಗಳನ್ನು ಕುರಿತು ವಿದ್ಯಾರ್ಥಿಯಂತೆ ಕೇಳಿ ತಿಳಿದುಕೊಳ್ಳುತ್ತಾರೆ. ಆ ಪ್ರಶ್ನೆಗಳನ್ನು ಅಪ್ಪನನ್ನೇ ಕೇಳಬಹುದಾಗಿದ್ದ ಕಾಲ ಮುಗಿದು 25 ವರ್ಷವಾಗಿತ್ತು. ವಿಶ್ವಗಳ ನಡುವಿನ ಗೋಡೆಯ ಬಗ್ಗೆ ಬರೆದವರ ಮನೆಯಲ್ಲಿ ಎರಡು ಕೋಣೆಗಳ ನಡುವಿನ ಗೋಡೆ ದಾಟುವುದು ಕಷ್ಟವಾಗಿತ್ತು.

‘ಕಾನ್‌ಸ್ಟಲೇಷನ್ಸ್’ ನಾಟಕದ ಬಲವಿರುವುದೂ ಇಲ್ಲಿಯೇ. ಅಷ್ಟೊಂದು ಕವಲುಗಳನ್ನು ತೋರಿಸಿದರೂ ಅದು ‘ಬೇರೆ ಲೋಕದಲ್ಲಿ ಅವಳು ಬದುಕಿದ್ದಾಳೆ, ಅಳಬೇಡ’ ಎಂದು ರೋಲಂಡನಿಗೆ ಹೇಳುವುದಿಲ್ಲ. ಪ್ರತಿ ಕವಲಿನಲ್ಲೂ ಅವನೆದುರು ನಿಂತಿರುವ ಮೇರಿಯಾನ್ ಒಬ್ಬಳೇ. ಆ ಒಬ್ಬಳಿಗೆ ಪದ ಸಿಗದೆ ತಡವರಿಸುವಾಗ ಕಾಯಬೇಕಾದವನು ಅವನೇ. ಯೋಗವಾಸಿಷ್ಠದ ಲೀಲೆಯ ಕೈಹಿಡಿದು ನಡೆಸಲು ಸರಸ್ವತಿಯಿದ್ದಳು. ರೋಲಂಡನ ಕೈಹಿಡಿಯಲು ಯಾರೂ ಇಲ್ಲ.

ಈ ವಾರ ಮಾಡಿ ನೋಡಿ

ಶಾಲೆಯಲ್ಲಿ ನಾಟಕ ಆಡುವ ಮಕ್ಕಳು ಒಂದು ಪ್ರಯತ್ನ ಮಾಡಬಹುದು. ಫಲಿತಾಂಶದ ದಿನ ಮಗಳು ಮನೆಗೆ ಬರುವ ಒಂದು ಪುಟದ ದೃಶ್ಯ ಬರೆಯಿರಿ. ಒಂದು ಪದವನ್ನೂ ಬದಲಿಸದೆ, ದನಿಯನ್ನು ಮಾತ್ರ ಬದಲಿಸಿ ಅದನ್ನು ಮೂರು ಸಲ ಆಡಿ. ‘ಎಷ್ಟು ಬಂತು?’ ಎಂಬ ಎರಡು ಪದಗಳಿಂದ ಎಷ್ಟು ಬೇರೆ ಬೇರೆ ಮನೆಗಳು ಹುಟ್ಟುತ್ತವೆ ನೋಡಿ. ಇದೇ ಜಿಲ್ಲೆಯ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ, ಹಳ್ಳಿಯ ಜನರೂ ಜಗತ್ತಿನ ನಾಟಕಗಳನ್ನು ಆಡಬಲ್ಲರೆಂದು ತೋರಿಸಿಕೊಟ್ಟಿದೆ. ಈ ದೃಶ್ಯಕ್ಕೆ ಪರದೆ, ವೇಷ ಏನೂ ಬೇಡ.

ಇನ್ನೊಂದು ಪ್ರಯೋಗ ಮನೆಯಲ್ಲೇ ಮಾಡುವಂಥದು. ಇದಕ್ಕೆ ಇಬ್ಬರು ಬೇಕು. ಅಗಲವಾದ ಬೋಗುಣಿಯಲ್ಲಿ ಎರಡು ಬೆರಳು ಆಳಕ್ಕೆ ನೀರು ತುಂಬಿ ಕಿಟಕಿಯ ಬೆಳಕಿಗೆ ಇಡಿ. ಅಪ್ಪನೋ ಅಮ್ಮನೋ ಒಂದು ಬೆರಳಿನಿಂದ, ಮಗನೋ ಮಗಳೋ ಇನ್ನೊಂದು ಬೆರಳಿನಿಂದ, ನಾಲ್ಕೈದು ಬೆರಳಗಲ ದೂರದಲ್ಲಿ ನೀರನ್ನು ಹಗುರವಾಗಿ ತಟ್ಟುತ್ತ ಇರಿ. ಇಬ್ಬರ ತಟ್ಟುವಿಕೆಯೂ ಒಂದೇ ಲಯಕ್ಕೆ ಬಂದಾಗ, ಅಲೆಗಳು ಸೇರುವಲ್ಲಿ ಕೆಲವು ಕಡೆ ನೀರು ಜೋರಾಗಿ ಏಳುವುದೂ ಕೆಲವು ಗೆರೆಗಳುದ್ದಕ್ಕೆ ಹೆಚ್ಚುಕಡಿಮೆ ಅಲುಗಾಡದೆ ನಿಲ್ಲುವುದೂ ಕಾಣುತ್ತದೆ. ಅದೇ ವ್ಯತಿಕರಣ. ಇಬ್ಬರೂ ತಮ್ಮ ತಮ್ಮ ಮನಸ್ಸಿಗೆ ಬಂದ ಹಾಗೆ ತಟ್ಟಿದರೆ ಗೆರೆಗಳು ನಿಲ್ಲುವುದಿಲ್ಲ. ಮೊದಲ ಸಲಕ್ಕೆ ಲಯ ಕೂಡಿಬರುವುದು ಕಷ್ಟ. ‘ಒಂದು, ಎರಡು’ ಎಂದು ಬಾಯಲ್ಲಿ ಎಣಿಸಿಕೊಂಡು ಮಾಡಿದರೆ ಸ್ವಲ್ಪ ಹೊತ್ತಿನಲ್ಲಿ ಬರುತ್ತದೆ.